ಬೇಸಿಗೆಯಲ್ಲಿ ಬೈಕು, ಕಾರು: ಕೋಲಾರ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟಿತೆಂದರೆ ನಮ್ಮ ಗ್ಯಾರೇಜಿನಲ್ಲಿ ಪ್ರಶ್ನೆಗಳ ಸುಗ್ಗಿ ಶುರು. ಗಾಡಿ ಬಿಡಲು ಬಂದವರು, ಫೋನ್ ಮಾಡುವವರು, ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸುವವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವನ್ನೇ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ಸಾಕು.

ಕೋಲಾರ, ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿವೆ. ರಾಯಚೂರು, ಕಲಬುರಗಿಯಂಥ ಬಿಸಿಲು ನಮ್ಮದಲ್ಲ. ಈಗಿನ ಗಾಡಿಗಳು ಅಲ್ಲಿನ ಬಿಸಿಲಿಗೂ ತಡೆಯುವಂತೆಯೇ ತಯಾರಾಗಿರುತ್ತವೆ. ಹಾಗಿದ್ದರೂ ಏಪ್ರಿಲ್, ಮೇ ಬಂತೆಂದರೆ ನಮ್ಮ ಕಡೆ ಗಾಡಿಗಳು ರಸ್ತೆ ಬದಿ ನಿಲ್ಲುತ್ತವೆ. ನಾನು ಕಂಡಂತೆ ಅದಕ್ಕೆ ಬಿಸಿಲೊಂದೇ ಕಾರಣವಲ್ಲ. ಬೋರ್‌ವೆಲ್‌ನ ಗಡುಸು ನೀರು, ಕ್ರಷರ್ ದೂಳು, ತಿಂಗಳುಗಟ್ಟಲೆ ನೋಡದೆ ಬಿಟ್ಟ ಗಾಳಿ ಮತ್ತು ಆಯಿಲ್, ಇವು ಮಾಡಿಟ್ಟ ಹಾನಿಯನ್ನು ಬಿಸಿಲು ಹೊರಗೆ ಹಾಕುತ್ತದೆ.

## ಎಲ್ಲರೂ ತಿಳಿದಿರಬೇಕಾದ್ದು

ಬೇಸಿಗೇಲಿ ಟೈರಿಗೆ ಗಾಳಿ ಸ್ವಲ್ಪ ಕಮ್ಮಿ ಇಡ್ಬೇಕಂತೆ, ಹೌದಾ ಅಣ್ಣ?

ಬೇಡಿ. ಇದಕ್ಕಿಂತ ಅಪಾಯದ ಸಲಹೆ ಇನ್ನೊಂದಿಲ್ಲ. ಗಾಳಿ ಕಮ್ಮಿ ಇದ್ದ ಟೈರಿನ ಪಕ್ಕೆ ಉರುಳಿದಷ್ಟೂ ಮಡಚಿ ಬಿಚ್ಚುತ್ತದೆ. ಆ ಮಡಚಾಟದಿಂದಲೇ ಟೈರಿನ ಒಳಗೆ ಕಾವು ಹುಟ್ಟುತ್ತದೆ. ಕಾದ ರಸ್ತೆ, ತುಂಬಿದ ಲೋಡು, ಹೈವೇ ವೇಗ ಮೂರೂ ಸೇರಿದರೆ ಟೈರ್ ಬರ್ಸ್ಟ್ ಆಗುವುದು ಹೀಗೆ. ಬಿಸಿಲಿಗೆ ಗಾಳಿಯ ಒತ್ತಡ ಏರುವುದು ನಿಜ. ಐದಾರು ಡಿಗ್ರಿಗೆ ಸುಮಾರು 1 ಪಿಎಸ್‌ಐ ಏರುತ್ತದೆ. ಆದರೆ ಕಂಪನಿ ಆ ಏರಿಕೆಯನ್ನು ಲೆಕ್ಕ ಹಿಡಿದೇ ಒತ್ತಡ ನಿಗದಿ ಮಾಡಿರುತ್ತದೆ.

ಕಾರಿನ ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬಕ್ಕೆ ಅಂಟಿಸಿದ ಸ್ಟಿಕ್ಕರ್ ಕಾಣುತ್ತದೆ. ಬೈಕಿನಲ್ಲಿ ಚೈನ್ ಕವರ್ ಮೇಲೆ ಅಥವಾ ಹಿಂದಿನ ಚಕ್ರ ಹಿಡಿದ ಸ್ವಿಂಗ್ ಆರ್ಮ್ ಮೇಲೆ ಇರುತ್ತದೆ. ಅಲ್ಲಿ ಬರೆದ ಒತ್ತಡವನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ ಹಿಡಿಸಿ. ಮಧ್ಯಾಹ್ನ ಓಡಿಸಿ ಬಂದು ನೋಡಿದರೆ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸಬಹುದು. ಅದನ್ನು ಬಿಡಿಸಲು ಹೋಗಬೇಡಿ.

ಹಾಗಾದ್ರೆ ನೈಟ್ರೋಜನ್ ಹಾಕಿಸಿದ್ರೆ ಒಳ್ಳೇದಾ?

ಹಾಕಿಸಿದರೆ ಕೆಟ್ಟದ್ದೇನಿಲ್ಲ. ಆದರೆ ನಾವು ಉಸಿರಾಡುವ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ದುಡ್ಡು ಕೊಟ್ಟು ನೈಟ್ರೋಜನ್ ಹಾಕಿಸಿ ಮೂರು ತಿಂಗಳು ಮರೆಯುವವರಿಗಿಂತ, ಮಾಮೂಲಿ ಗಾಳಿಯನ್ನು ಎರಡು ವಾರಕ್ಕೊಮ್ಮೆ ನೋಡುವವರ ಟೈರು ಚೆನ್ನಾಗಿರುತ್ತದೆ.

ಫುಲ್ ಟ್ಯಾಂಕ್ ಮಾಡ್ಸಿದ್ರೆ ಬಿಸಿಲಿಗೆ ಸಿಡಿಯುತ್ತಂತೆ, ಅರ್ಧ ಟ್ಯಾಂಕೇ ಹಾಕಿಸ್ಬೇಕಂತೆ. ಮೆಸೇಜ್ ಬಂದೈತೆ ಸಾರ್.

ಪ್ರತಿ ಬೇಸಿಗೆಗೂ ಈ ಮೆಸೇಜ್ ಇಂಡಿಯನ್ ಆಯಿಲ್ ಹೆಸರಿನಲ್ಲಿ ಓಡಾಡುತ್ತದೆ. ಅದು ತನ್ನದಲ್ಲ, ಕಂಪನಿ ಹೇಳಿದ ಮಿತಿಯವರೆಗೆ ಟ್ಯಾಂಕ್ ತುಂಬಿಸುವುದು ಬೇಸಿಗೆಯಲ್ಲೂ ಸುರಕ್ಷಿತ ಎಂದು ಇಂಡಿಯನ್ ಆಯಿಲ್ ಸ್ಪಷ್ಟವಾಗಿ ಹೇಳಿದೆ. ಪೆಟ್ರೋಲ್ ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳಲು 240 ಡಿಗ್ರಿಗೂ ಮೇಲೆ ಬೇಕು. ನಿಲ್ಲಿಸಿದ ಗಾಡಿಯ ಟ್ಯಾಂಕು ಎಂಥ ಬಿಸಿಲಲ್ಲೂ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಆದರೆ ಬಂಕಿನ ನಾಜಲ್ ತಾನಾಗಿ ಕಟ್ ಆದ ಮೇಲೆ ‘ಇನ್ನೊಂಚೂರು ಹಾಕಪ್ಪಾ’ ಅಂತ ಕುತ್ತಿಗೆವರೆಗೆ ತುಂಬಿಸಬೇಡಿ. ನೆಲದಡಿಯ ಟ್ಯಾಂಕಿನಿಂದ ಬಂದ ಪೆಟ್ರೋಲ್ ತಣ್ಣಗಿರುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಸೈಡ್ ಸ್ಟ್ಯಾಂಡಿಗೆ ವಾಲಿಸಿದ ಬೈಕಿನಲ್ಲಿ ಮುಚ್ಚಳದ ಸುತ್ತ ಒಸರುತ್ತದೆ. ಈಗಿನ ಗಾಡಿಗಳಲ್ಲಿ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿ ಇರುತ್ತದೆ, ಹಸಿ ಪೆಟ್ರೋಲ್ ನುಗ್ಗಿದರೆ ಅದು ಹಾಳು.

ಬೇಸಿಗೆಗೆ ದಪ್ಪ ಆಯಿಲ್ ಹಾಕಿಸ್ಬೇಕಲ್ವಾ?

ನಿಮ್ಮ ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದನ್ನು ಹಾಕಿಸಿ. ಹಳೇ ಬೈಕುಗಳಿಗೆ 20ಡಬ್ಲ್ಯೂ-40 ಗ್ರೇಡಿನ ದಪ್ಪ ಆಯಿಲ್ ಮಾಮೂಲು, ಹೊಸವಕ್ಕೆ ತೆಳುವಾದ 10ಡಬ್ಲ್ಯೂ-30 ಬಂದಿದೆ. ಹೊಸ ಎಂಜಿನ್ನಿನ ಸಂದುಗಳು ತೆಳು ಆಯಿಲ್ಲಿಗೆ ಅಳತೆ ಮಾಡಿದವು. ಅದಕ್ಕೆ ದಪ್ಪ ಆಯಿಲ್ ಹಾಕಿದರೆ ಸ್ಟಾರ್ಟ್ ಮಾಡಿದ ಕೂಡಲೇ ಮೇಲೆ ಏರುವುದು ನಿಧಾನವಾಗುತ್ತದೆ, ಮೈಲೇಜೂ ಬೀಳುತ್ತದೆ.

ಗ್ರೇಡಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ಗೇರ್ ಬೈಕಿನಲ್ಲಿ ಎಂಜಿನ್, ಗೇರ್, ಕ್ಲಚ್ ಮೂರೂ ಒಂದೇ ಆಯಿಲ್ಲಿನಲ್ಲಿ ಮುಳುಗಿರುತ್ತವೆ. ಡಬ್ಬಿ ಮೇಲೆ ಗೇರ್ ಬೈಕಿನ ಆಯಿಲ್ ಎಂಬ ಗುರುತು, ‘ಜಾಸೋ ಎಂಎ’ ಅಥವಾ ‘ಎಂಎ2’ ಇರಲೇಬೇಕು. ಮನೆಯಲ್ಲಿ ಕಾರಿನ ಆಯಿಲ್ ಮಿಕ್ಕಿದೆ ಅಂತ ಬೈಕಿಗೆ ಸುರಿದರೆ ಕ್ಲಚ್ ಜಾರಲು ಶುರುವಾಗುತ್ತದೆ. ಸ್ಕೂಟರಿಗೆ ಬರುವುದು ‘ಎಂಬಿ’.

ಹೊಸ ಆಯಿಲ್ ಹಾಕಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ಗಾಳಿಯಿಂದ ತಣ್ಣಗಾಗುವ ಬೈಕ್ ಎಂಜಿನ್ನಿಗೆ ಆಯಿಲ್ಲೇ ಅರ್ಧ ಕೂಲೆಂಟ್, ಅಂದರೆ ತಂಪು ಮಾಡುವ ದ್ರವ. 900 ಎಂಎಲ್ ಇರಬೇಕಾದ ಕಡೆ 500 ಎಂಎಲ್ ಉಳಿದಿದ್ದರೆ ಅಷ್ಟೇ ಆಯಿಲ್ ಇಡೀ ಎಂಜಿನ್ನಿನ ಕಾವು ಹೊರಬೇಕು. ವಾರಕ್ಕೊಮ್ಮೆ ಸೆಂಟರ್ ಸ್ಟ್ಯಾಂಡ್ ಹಾಕಿ, ಆಯಿಲ್ ಮಟ್ಟ ತೋರಿಸುವ ಕಡ್ಡಿ ತೆಗೆದು ನೋಡಿ.

ಬಿಸಿ ಎಂಜಿನ್ ಮೇಲೆ ನೀರು ಹಾಕ್ಬೋದಾ?

ಬೇಡ. ಕಾದ ಅಲ್ಯೂಮಿನಿಯಂ ಒಮ್ಮೆಗೇ ತಣ್ಣಗಾದರೆ ಬಿರುಕು ಬಿಡಬಹುದು. ಡಿಸ್ಕ್ ಬ್ರೇಕಿಗೂ ಇದೇ ಮಾತು, ಡಿಸ್ಕ್ ಸೊಟ್ಟಗಾಗಬಹುದು. ಅರ್ಧ ಗಂಟೆ ನೆರಳಲ್ಲಿ ಬಿಟ್ಟು ಆಮೇಲೆ ತೊಳೆಯಿರಿ. ತೊಳೆಯುವಾಗ ಎಂಜಿನ್ ಫಿನ್ನುಗಳ ಸಂದಿನ ಕೆಮ್ಮಣ್ಣನ್ನು ಬ್ರಷ್ಷಿನಿಂದ ತೆಗೆಯಿರಿ, ಅಲ್ಲಿ ಮಣ್ಣು ಕೂತರೆ ಕಾವು ಹೊರಗೆ ಹೋಗುವುದಿಲ್ಲ.

ಗಾಡಿ ಯಾವ ಮರದ ಕೆಳಗೆ ನಿಲ್ಸಿದ್ರೆ ಒಳ್ಳೇದು?

ಹುಣಸೆ, ಹೊಂಗೆ, ಬೇವು ಒಳ್ಳೆಯ ನೆರಳು. ಶ್ರೀನಿವಾಸಪುರದ ಕಡೆಯವರು ಮಾವಿನ ಮರದ ಕೆಳಗೆ ಬಿಡುತ್ತಾರೆ. ಹೂ ಬಿಟ್ಟ ಕಾಲದಲ್ಲಿ ಜಿಗಿಹುಳು ಸುರಿಸುವ ಅಂಟು ಗಾಜು, ಪೇಂಟ್ ಮೇಲೆಲ್ಲ ಕೂರುತ್ತದೆ, ಅದರ ಮೇಲೆ ದೂಳು ಹಿಡಿದು ಕಪ್ಪಾಗುತ್ತದೆ. ಒಣಬಟ್ಟೆಯಲ್ಲಿ ಉಜ್ಜಿದರೆ ಪೇಂಟ್ ಗೀರುತ್ತದೆ. ಮೊದಲು ನೀರು ಬಿಟ್ಟು ನೆನೆಸಿ ತೆಗೆಯಿರಿ. ಹಕ್ಕಿ ಹಿಕ್ಕೆಯನ್ನೂ ಅಂದೇ ತೊಳೆಯಿರಿ, ಬಿಸಿಲಿಗೆ ಬೆಂದರೆ ಕಲೆ ಹೋಗುವುದಿಲ್ಲ. ತೆಂಗಿನ ಮರದ ಕೆಳಗಂತೂ ಬೇಡವೇ ಬೇಡ.

ಬೈಕಿನವರು ಇನ್ನೊಂದು ಗಮನಿಸಿ. ಮಧ್ಯಾಹ್ನದ ಟಾರು ಮೆತ್ತಗಾಗಿರುತ್ತದೆ. ಸೈಡ್ ಸ್ಟ್ಯಾಂಡಿನ ತುದಿ ಸ್ವಲ್ಪ ಸ್ವಲ್ಪವೇ ಒಳಗಿಳಿದು, ಅರ್ಧ ಗಂಟೆ ಬಿಟ್ಟು ಬರುವಷ್ಟರಲ್ಲಿ ಗಾಡಿ ಮಗುಚಿರುತ್ತದೆ. ಸ್ಟ್ಯಾಂಡಿನ ಕೆಳಗೆ ಒಂದು ಚಪ್ಪಟೆ ಕಲ್ಲು ಇಡಿ.

## ನೀರು, ದೂಳು, ಬ್ಯಾಟರಿ

ರೇಡಿಯೇಟರಿಗೆ ಮನೆ ಬೋರ್ ನೀರೇ ಹಾಕ್ತೀವಿ. ಅದೂ ತಣ್ಣಗೇ ಇರುತ್ತಲ್ಲ, ಏನಾಗುತ್ತೆ?

ನಮ್ಮ ಜಿಲ್ಲೆಯಲ್ಲಿ ಕಾರು ಕೆಡುವ ಕಾರಣಗಳಲ್ಲಿ ಇದನ್ನೇ ನಾನು ಮೊದಲು ಇಡುತ್ತೇನೆ. ನಮ್ಮ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಆ ಆಳದ ನೀರಿನಲ್ಲಿ ಸುಣ್ಣದ ಅಂಶ ತುಂಬ. ನಿಮ್ಮ ಮನೆ ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಚಿಪ್ಪು ನೋಡಿದ್ದೀರಲ್ಲ, ಅದೇ ಚಿಪ್ಪು ರೇಡಿಯೇಟರಿನ ಕೊಳವೆಗಳ ಒಳಗೂ ಕಟ್ಟುತ್ತದೆ. ಆ ಕೊಳವೆಗಳ ಒಳಜಾಗ ಒಂದೆರಡು ಮಿಲಿಮೀಟರ್ ಅಷ್ಟೇ. ಬೋರ್ ನೀರು ಕುಡಿದ ರೇಡಿಯೇಟರಿನ ಮುಚ್ಚಳ ತೆಗೆದರೆ ಒಳಗೆ ಕಾಫಿ ಬಣ್ಣದ ಗಸಿ, ಅಂಚಿನಲ್ಲಿ ಬಿಳಿ ಪದರ. ಬೆರಳಲ್ಲಿ ಉಜ್ಜಿದರೆ ಮರಳಿನಂತೆ ಸಿಗುತ್ತದೆ. ಇಂಥ ಗಾಡಿ ಚಳಿಗಾಲದಲ್ಲಿ ಹೇಗೋ ಓಡುತ್ತದೆ. ಏಪ್ರಿಲ್‌ನಲ್ಲಿ ಎ.ಸಿ. ಹಾಕಿ ಐದು ಜನ ಕೂತು ದಿಬ್ಬ ಹತ್ತಿದಾಗ ಕೈಕೊಡುತ್ತದೆ.

ಬರಿ ನೀರಿನ ಇನ್ನೊಂದು ತೊಂದರೆ ಎಂದರೆ ಅದು ಬೇಗ ಕುದಿಯುತ್ತದೆ. ನಮ್ಮ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕೂಲೆಂಟನ್ನು ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ, ರೇಡಿಯೇಟರ್ ಮುಚ್ಚಳ ಬಿಗಿಯಾಗಿದ್ದರೆ 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಸಡಿಲವಾದ ಮುಚ್ಚಳ, ಒಣಗಿದ ಅದರ ರಬ್ಬರ್ ರಿಂಗು ಇಷ್ಟೂ ಲಾಭವನ್ನು ಕಳೆದುಬಿಡುತ್ತವೆ. ಅದು ದೊಡ್ಡ ಬೆಲೆಯ ವಸ್ತುವೇನಲ್ಲ, ಅನುಮಾನ ಬಂದರೆ ಬದಲಿಸಿ.

ಏನು ಮಾಡಬೇಕೆಂದರೆ, ಪುಸ್ತಕದಲ್ಲಿ ಹೇಳಿದ ಬಗೆಯ ರೆಡಿಮಿಕ್ಸ್ ಕೂಲೆಂಟ್ ತನ್ನಿ. ಗಟ್ಟಿ ಕೂಲೆಂಟ್ ತಂದರೆ ಡಿಸ್ಟಿಲ್ಡ್ ವಾಟರ್ ಜೊತೆ ಮಾತ್ರ ಬೆರೆಸಿ. ಹಸಿರು, ಕೆಂಪು, ನೀಲಿ ಬಣ್ಣ ನೋಡಿ ಒಂದರ ಮೇಲೊಂದು ಸುರಿಯಬೇಡಿ. ಬೇರೆ ಬೇರೆ ರಾಸಾಯನಿಕಗಳು ಸೇರಿ ಗಟ್ಟಿಯಾಗಿ ಕೊಳವೆ ಕಟ್ಟಬಹುದು. ದಾರಿಯಲ್ಲಿ ವಿಧಿಯಿಲ್ಲದೆ ಕುಡಿಯುವ ನೀರು ಹಾಕಿದರೆ ತಪ್ಪಿಲ್ಲ, ಊರು ತಲುಪಿದ ಮೇಲೆ ಪೂರ್ತಿ ಇಳಿಸಿ ಹೊಸದು ಹಾಕಿಸಿ. ಇಳಿಸಿದ ಹಳೇ ಕೂಲೆಂಟನ್ನು ಮೋರಿಗೆ, ಅಂಗಳಕ್ಕೆ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿಗಳು ನೆಕ್ಕುತ್ತವೆ, ಮಕ್ಕಳು ಬಾಯಿಗಿಟ್ಟುಕೊಳ್ಳಬಹುದು. ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಡಿಸುವ ವಿಷ ಅದು.

ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗ್ಬಿಟ್ರೆ ಏನ್ಮಾಡ್ಲಿ?

ಮೊದಲು ಎ.ಸಿ. ಆಫ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿಡಿ, ಕಿಟಕಿ ಇಳಿಸಿ. ಒಳಗೆ ಬೇಯುತ್ತದೆ, ಸಹಿಸಿಕೊಳ್ಳಿ. ಹೀಟರ್ ಅಂದರೆ ಇನ್ನೊಂದು ಚಿಕ್ಕ ರೇಡಿಯೇಟರೇ, ಎಂಜಿನ್ನಿನ ಕಾವನ್ನು ಅದು ಎಳೆದು ಹೊರಗೆ ಹಾಕುತ್ತದೆ. ಜಾಗ ಸಿಕ್ಕ ಕೂಡಲೇ ಬದಿಗೆ ನಿಲ್ಲಿಸಿ. ಆವಿ ಬರುತ್ತಿದ್ದರೆ, ಕೂಲೆಂಟ್ ಸೋರುತ್ತಿದ್ದರೆ ಎಂಜಿನ್ ತಕ್ಷಣ ಆಫ್. ‘ಇನ್ನೈದು ಕಿಲೋಮೀಟರ್ ಹೋದ್ರೆ ಮನೆ’ ಅಂತ ಎಳೆದರೆ ಎಂಜಿನ್ನಿನ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ, ನೂರರಲ್ಲಿ ಮುಗಿಯುವ ಕೆಲಸ ಹತ್ತಾರು ಸಾವಿರಕ್ಕೆ ಹೋಗುತ್ತದೆ.

ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗೆ ಕುದಿಯುವ ದ್ರವ ಒತ್ತಡದಲ್ಲಿ ಕಾದು ಕೂತಿರುತ್ತದೆ, ಮುಚ್ಚಳ ಸಡಿಲಿಸಿದ ಕ್ಷಣ ಮುಖಕ್ಕೆ ಚಿಮ್ಮುತ್ತದೆ. ಮುಕ್ಕಾಲು ಗಂಟೆಯಾದರೂ ಬಿಟ್ಟು, ಮೇಲಿನ ರಬ್ಬರ್ ಪೈಪು ಮುಟ್ಟಿದರೆ ಕೈ ಸುಡುವುದಿಲ್ಲ ಎಂದಾದ ಮೇಲೆ, ದಪ್ಪ ಬಟ್ಟೆ ಹಿಡಿದು ತೆಗೆಯಿರಿ. ಕೂಲೆಂಟ್ ಮಟ್ಟ ಸರಿಯಿದ್ದೂ ಬಿಸಿಯಾಗಿದ್ದರೆ ಫ್ಯಾನ್ ಓಡದಿರುವುದೋ, ಕೂಲೆಂಟಿಗೆ ದಾರಿ ಬಿಡುವ ಥರ್ಮೋಸ್ಟಾಟ್ ತೆರೆಯದಿರುವುದೋ ಇರಬೇಕು. ಥರ್ಮೋಸ್ಟಾಟ್ ಕಿತ್ತು ಬಿಸಾಡಿ ಗಾಡಿ ಓಡಿಸಿ ಅನ್ನುವವರ ಮಾತು ಕೇಳಬೇಡಿ, ಹೊಸದು ಹಾಕಿಸಿ.

ಏರ್ ಫಿಲ್ಟರ್ ಎಷ್ಟು ಕಿಲೋಮೀಟರಿಗೆ ಬದಲಾಯಿಸ್ಬೇಕು?

ಪುಸ್ತಕದ ಲೆಕ್ಕ ಒಳ್ಳೆಯ ರಸ್ತೆಗೆ. ನೀವು ಚಿಕ್ಕಬಳ್ಳಾಪುರದ ಕ್ರಷರ್‌ಗಳ ಹತ್ತಿರವೋ, ಜಲ್ಲಿ ಲಾರಿಗಳ ಹಿಂದೆಯೋ ದಿನಾ ಓಡಾಡುವವರಾದರೆ ಅದರ ಅರ್ಧಕ್ಕೇ ಬದಲಿಸಿ. ಕಲ್ಲಿನ ದೂಳು ಮಣ್ಣಿನ ದೂಳಿಗಿಂತ ಗಟ್ಟಿ, ಒಳಗೆ ಹೋದರೆ ಸಿಲಿಂಡರನ್ನು ಉಜ್ಜಿ ಸವೆಸುತ್ತದೆ. ಪೇಪರ್ ಫಿಲ್ಟರನ್ನು ಏರ್ ಗನ್‌ನಿಂದ ಜೋರಾಗಿ ಊದಿಸಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಎಣ್ಣೆ ಲೇಪಿಸಿದ ಬೈಕ್ ಫಿಲ್ಟರನ್ನಂತೂ ಊದಿಸಲೇಬಾರದು, ನೇರ ಬದಲಿಸುವುದೇ.

ಬ್ಯಾಟರಿ ಚಳಿಗಾಲದಲ್ಲಿ ಹೋಗುತ್ತೆ ಅಂತಾರೆ, ನಂದು ಬೇಸಿಗೇಲಿ ಹೋಯ್ತಲ್ಲ?

ಬ್ಯಾಟರಿಯನ್ನು ಸವೆಸುವುದು ಬೇಸಿಗೆ. ಅದು ಹೋಗಿದೆಯೆಂದು ಗೊತ್ತಾಗುವುದು ಕೆಲವೊಮ್ಮೆ ಚಳಿಗಾಲದ ಬೆಳಿಗ್ಗೆ, ಅಷ್ಟೇ. ಕಾವಿಗೆ ಒಳಗಿನ ನೀರು ಆರುತ್ತದೆ, ಪ್ಲೇಟುಗಳು ಬೇಗ ಕೊರೆದುಹೋಗುತ್ತವೆ. ಮುಚ್ಚಳ ಇರುವ ಬ್ಯಾಟರಿಯಾದರೆ ತಿಂಗಳಿಗೊಮ್ಮೆ ನೋಡಿ ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್ ನೀರಾಗಲಿ, ಆರ್.ಓ. ನೀರಾಗಲಿ, ಆಸಿಡ್ ಆಗಲಿ ಬೇಡ.

ಮಲ್ಟಿಮೀಟರ್ ಇದ್ದರೆ ಪರೀಕ್ಷೆ ಸುಲಭ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ, 12.2 ಅಂದರೆ ಅರ್ಧ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. 15 ದಾಟಿದರೆ ಬ್ಯಾಟರಿಯದಲ್ಲ ತಪ್ಪು, ಚಾರ್ಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಹೊಸ ಬ್ಯಾಟರಿ ಹಾಕಿದರೂ ಅದನ್ನೂ ಬೇಯಿಸಿಬಿಡುತ್ತದೆ.

ಚೈನಿಗೆ ಗ್ಯಾರೇಜಿನ ಹಳೇ ಆಯಿಲ್ ಬಿಟ್ರೆ ಸಾಲ್ದಾ?

ಸಾಲದು. ಹಳೇ ಆಯಿಲ್ಲಿನಲ್ಲಿ ಲೋಹದ ಪುಡಿ ಇರುತ್ತದೆ, ಅದರ ಮೇಲೆ ದೂಳು ಕೂತು ಉಜ್ಜುವ ಪೇಸ್ಟೇ ಆಗುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ರಷ್ ಅದ್ದಿ ಉಜ್ಜಿ, ಒರೆಸಿ, ಚೈನ್ ಲೂಬ್ ಹಾಕಿ. 500 ಕಿಲೋಮೀಟರಿಗೊಮ್ಮೆ ಸಾಕು. ಪೆಟ್ರೋಲ್ ಬೇಡ, ಚೈನ್ ಒಳಗಿನ ರಬ್ಬರ್ ರಿಂಗುಗಳು ಒಣಗುತ್ತವೆ. ಓಡಿಸಿ ಬಂದು ಚೈನ್ ಬೆಚ್ಚಗಿರುವಾಗ, ಸಾಯಂಕಾಲ, ಹಾಕಿ ಬಿಟ್ಟರೆ ರಾತ್ರಿಯೊಳಗೆ ಒಳಗಿಳಿಯುತ್ತದೆ.

## ಓಡಿಸುವವರು, ಕೂತವರು

ಈ ಬಿಸಿಲಲ್ಲಿ ಹೆಲ್ಮೆಟ್ ಹೆಂಗ್ ಹಾಕೋದು ಸಾರ್?

ತಲೆಗೆ ತೆಳು ಹತ್ತಿ ಬಟ್ಟೆ ಕಟ್ಟಿ ಅದರ ಮೇಲೆ ಹಾಕಿ. ಬೆವರು ಬಟ್ಟೆಗೆ ಹೋಗುತ್ತದೆ, ಹೆಲ್ಮೆಟ್ ವಾಸನೆಯೂ ಬರುವುದಿಲ್ಲ. ಗಾಳಿಕಂಡಿ ಇರುವ, ಐಎಸ್‌ಐ ಗುರುತಿನ, ತಿಳಿ ಬಣ್ಣದ ಹೆಲ್ಮೆಟ್ ಕೊಳ್ಳಿ, ಬಿಳಿಗೂ ಕಪ್ಪಿಗೂ ವ್ಯತ್ಯಾಸ ಹಾಕಿದವರಿಗೇ ಗೊತ್ತು. ಒಳಗಿನ ಸ್ಪಂಜನ್ನು ವಾರಕ್ಕೊಮ್ಮೆ ಶಾಂಪೂ ನೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ.

ತೋಳು ಬಿಟ್ಟು ಓಡಿಸಿದರೆ ತಂಪು ಎಂಬುದು ಸುಳ್ಳು. ಬಿಸಿಗಾಳಿ ಬರಿ ಚರ್ಮದ ಬೆವರನ್ನು ಕ್ಷಣದಲ್ಲಿ ಆರಿಸಿ ಮೈ ಒಣಗಿಸುತ್ತದೆ. ತುಂಬುತೋಳಿನ ಸಡಿಲ ಹತ್ತಿ ಅಂಗಿ, ಕುತ್ತಿಗೆಗೆ ಒದ್ದೆ ಮಾಡಿದ ಟವೆಲ್, ಇದು ನಮ್ಮ ಹಳ್ಳಿಯವರು ಮೊದಲಿನಿಂದ ಮಾಡಿಕೊಂಡು ಬಂದದ್ದು, ಸರಿಯಾದದ್ದೂ ಹೌದು. ಟವೆಲ್ ತುದಿ ಮಾತ್ರ ಒಳಗೆ ಸಿಕ್ಕಿಸಿ, ಚಕ್ರಕ್ಕೆ ಸಿಕ್ಕರೆ ಪ್ರಾಣಕ್ಕೆ ಕುತ್ತು. ಹಿಂದೆ ಕೂರುವ ಹೆಣ್ಣುಮಕ್ಕಳ ಸೆರಗು, ವೇಲ್‌ಗೂ ಇದೇ ಎಚ್ಚರ.

ಕೋಲಾರದಿಂದ ನರಸಾಪುರಕ್ಕೆ ದಿನಾ ಬೈಕಲ್ಲಿ ಡ್ಯೂಟಿಗೆ ಹೋಗ್ತೀನಿ. ಕಣ್ಣಿಗೆ ಬಿಸಿಲು ಹೊಡೆಯಲ್ಲ, ಆದ್ರೂ ಎದುರುಗಡೆಯವ್ರು ನೋಡದೆ ನುಗ್ತಾರೆ. ಯಾಕೆ?

ಒಳ್ಳೆಯ ಪ್ರಶ್ನೆ. ನಮ್ಮ 75ನೇ ಹೆದ್ದಾರಿ ಪೂರ್ವ ಪಶ್ಚಿಮವಾಗಿ ಹೋಗುತ್ತದೆ. ಬೆಳಿಗ್ಗೆ ನೀವು ಪಶ್ಚಿಮಕ್ಕೆ ಹೋಗುತ್ತೀರಿ, ಸೂರ್ಯ ಬೆನ್ನಿಗೆ. ಸಾಯಂಕಾಲ ವಾಪಸ್ ಪೂರ್ವಕ್ಕೆ, ಆಗಲೂ ಬೆನ್ನಿಗೆ. ನಿಮಗೆ ರಸ್ತೆ ಲಕ್ಷಣವಾಗಿ ಕಾಣುತ್ತದೆ, ಆದರೆ ನಿಮ್ಮ ಎದುರಿಗೆ ಬರುವವರಿಗೆ, ಯು-ಟರ್ನ್‌ನಲ್ಲಿ ಕಾಯುತ್ತಿರುವವರಿಗೆ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಅವರ ಕಣ್ಣಿಗೆ ನೀವು ಆ ಬೆಳಕಿನೊಳಗೆ ಕರಗಿಹೋಗಿರುತ್ತೀರಿ. ಅವರು ನೋಡಿದ್ದಾರೆ ಎಂದು ನಂಬಬೇಡಿ. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಹೆಡ್‌ಲೈಟ್ ಸದಾ ಉರಿಯುತ್ತದೆ, ಅದಕ್ಕಿಂತ ಹಳೇದಾದರೆ ನೀವೇ ಹಾಕಿಕೊಳ್ಳಿ. ಯು-ಟರ್ನ್ ಹತ್ತಿರ ವೇಗ ಇಳಿಸಿ.

ಬೆಂಗಳೂರಿನಿಂದ ಬೆಳಿಗ್ಗೆ ನರಸಾಪುರ, ವೇಮಗಲ್ ಕಡೆ ಬರುವವರಿಗೆ ಎರಡು ಹೊತ್ತೂ ಬಿಸಿಲು ಮುಖಕ್ಕೆ. ಅವರು ವೈಸರನ್ನು, ಕಾರಿನ ಗಾಜನ್ನು ಒಳಗೂ ಹೊರಗೂ ಸ್ವಚ್ಛ ಇಟ್ಟುಕೊಳ್ಳಲೇಬೇಕು. ಗೀರು ಬಿದ್ದ ವೈಸರ್ ಎದುರು ಬಿಸಿಲಿಗೆ ಪೂರ್ತಿ ಬೆಳ್ಳಗಾಗುತ್ತದೆ.

ಬಿಸಿಲಲ್ಲಿ ಓಡಿಸ್ತಾ ತಲೆ ಸುತ್ತು ಬಂದ್ರೆ?

ನಿಲ್ಲಿಸಿ. ತಲೆನೋವು, ವಾಕರಿಕೆ, ಕಾಲು ಹಿಡಿತ ಬಂದಾಗಲೇ ನೆರಳಿಗೆ ಹೋಗಿ ಹೆಲ್ಮೆಟ್ ತೆಗೆದು ಓಆರ್‌ಎಸ್, ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ, ಎಳನೀರು ಯಾವುದಾದರೂ ನಿಧಾನವಾಗಿ ಕುಡಿಯಿರಿ. ಬಾಯಾರುವ ತನಕ ಕಾಯದೆ ಅರ್ಧ ಗಂಟೆಗೊಮ್ಮೆ ಎರಡು ಗುಟುಕು ಕುಡಿಯುತ್ತಿದ್ದರೆ ಈ ಹಂತಕ್ಕೇ ಹೋಗುವುದಿಲ್ಲ.

ಜೊತೆಗಿದ್ದವರು ತೊದಲಿದರೆ, ಗೊಂದಲವಾಗಿ ಮಾತಾಡಿದರೆ, ಮೈ ಕೆಂಡದಂತೆ ಕಾದಿದ್ದರೆ ಅದು ಹೀಟ್ ಸ್ಟ್ರೋಕ್. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಬಟ್ಟೆ ಸಡಿಲಿಸಿ ಮೈತುಂಬ ನೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಎರಡೇ ನಿಮಿಷದ ಕೆಲ್ಸ, ಮಗು ಮಲಗಿದೆ, ಕಿಟಕಿ ಸ್ವಲ್ಪ ಇಳಿಸಿ ಕಾರಲ್ಲೇ ಬಿಟ್ಟು ಹೋಗ್ಬೋದಾ?

ಬೇಡಮ್ಮ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಮೊದಲ ಹತ್ತು ನಿಮಿಷದಲ್ಲೇ ಸುಮಾರು 10 ಡಿಗ್ರಿ ಏರುತ್ತದೆ. ಕಿಟಕಿ ಎರಡು ಬೆರಳಷ್ಟು ಇಳಿಸಿದರೆ ಅದು ತಡೆಯುವುದಿಲ್ಲ. ಮಕ್ಕಳ ಮೈ ದೊಡ್ಡವರಿಗಿಂತ ಬಹಳ ಬೇಗ ಕಾಯುತ್ತದೆ. ಎತ್ತಿಕೊಂಡು ಹೋಗಿ. ನಿಲ್ಲಿಸಿದ ಕಾರು ಸದಾ ಲಾಕ್ ಇರಲಿ, ಆಟವಾಡುತ್ತ ಒಳಗೆ ಹೋಗಿ ಸಿಕ್ಕಿಕೊಂಡ ಮಕ್ಕಳೂ ಇದ್ದಾರೆ. ಸಿಗರೇಟ್ ಲೈಟರ್, ಬಾಡಿ ಸ್ಪ್ರೇ, ಪವರ್ ಬ್ಯಾಂಕ್ ಕೂಡ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ.

ಎ.ಸಿ. ಹಾಕಿದ್ರೂ ತಣ್ಣಗಾಗಲ್ಲ, ಗ್ಯಾಸ್ ತುಂಬಿಸ್ಬೇಕಾ?

ಗ್ಯಾಸ್ ತಾನಾಗಿ ಖರ್ಚಾಗುವ ವಸ್ತುವಲ್ಲ. ಬೇಗ ಬೇಗ ಕಮ್ಮಿಯಾಗುತ್ತಿದ್ದರೆ ಎಲ್ಲೋ ಲೀಕ್ ಇದೆ, ಅದನ್ನು ಹುಡುಕದೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಖರ್ಚು. ಅದಕ್ಕೂ ಮೊದಲು ಎರಡು ನೋಡಿ. ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ದೂಳು ಕಟ್ಟಿ ಗಾಳಿಯೇ ಬರುತ್ತಿರುವುದಿಲ್ಲ. ಮುಂದಿನ ಜಾಲರಿ ಹಿಂದೆ ಎ.ಸಿ.ಯ ಕಾವು ಹೊರಹಾಕುವ ಕಂಡೆನ್ಸರ್ ಮೇಲೆ ಹುಳ, ಹುಲ್ಲು, ಮಣ್ಣು ಮೆತ್ತಿರುತ್ತದೆ. ಮೆಲ್ಲಗೆ ನೀರು ಬಿಟ್ಟು ತೊಳೆಸಿ.

ಬಿಸಿಲಲ್ಲಿ ನಿಂತ ಕಾರಿಗೆ ಕೂತ ಕೂಡಲೇ ಎಲ್ಲ ಕಿಟಕಿ ಇಳಿಸಿ ಅರ್ಧ ಕಿಲೋಮೀಟರ್ ಓಡಿಸಿ, ಆಮೇಲೆ ಮುಚ್ಚಿ ಎ.ಸಿ. ಹಾಕಿ, ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿ.

## ದೂರದ ದಾರಿ, ಬೆಟ್ಟ, ಹೊಸ ಗಾಡಿ

ರಜೆಗೆ ಎಲ್ಲಾ ಸೇರಿ ಕಾರಲ್ಲಿ ತಿರುಪತಿಗೆ ಹೊರಟಿದೀವಿ. ಏನೇನು ನೋಡ್ಕೋಬೇಕು?

ನಮ್ಮ ಕಡೆಯವರಿಗೆ ಇದು ವರ್ಷಾವರ್ಷದ ಯಾತ್ರೆ. ಮುಳಬಾಗಿಲು, ನಂಗಲಿ ದಾಟಿ ಪಲಮನೇರಿನವರೆಗೆ ಬಿಸಿಲು ನಮ್ಮ ಕಡೆಯದೇ. ಮೊಗಿಲಿ ಘಾಟ್ ಇಳಿದು ಚಿತ್ತೂರಿಗೆ ಬರುವಷ್ಟರಲ್ಲಿ ಐನೂರು ಮೀಟರಿನಷ್ಟು ಕೆಳಗೆ ಬಂದಿರುತ್ತೀರಿ, ಸೆಕೆ ಬೇರೆಯೇ. ಆಮೇಲೆ ತಿರುಮಲೆ ಬೆಟ್ಟ ಹತ್ತಬೇಕು, ತುಂಬಿದ ಗಾಡಿ, ಎ.ಸಿ., ಎರಡನೇ ಗೇರು. ಎಂಜಿನ್ನಿಗೆ ನಿಜವಾದ ಪರೀಕ್ಷೆ ಅಲ್ಲೇ.

ಹಾಗಾಗಿ ಹೊರಡುವ ಹಿಂದಿನ ವಾರವೇ ಕೂಲೆಂಟ್, ಫ್ಯಾನ್, ಬೆಲ್ಟ್, ಬ್ರೇಕ್ ತೋರಿಸಿ. ಹಿಂದಿನ ದಿನ ಬೇಡ, ಪಾರ್ಟ್ ಸಿಗದಿದ್ದರೆ ಯಾತ್ರೆ ನಿಲ್ಲುತ್ತದೆ. ಟೈರಿಗೆ ಸ್ಟಿಕ್ಕರಿನಲ್ಲಿ ‘ಪೂರ್ತಿ ಲೋಡ್’ ಎಂದು ಬರೆದ ಗಾಳಿ ಹಿಡಿಸಿ. ಟೈರಿನ ಪಕ್ಕೆಯ ಮೇಲೆ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ, ಪಕ್ಕೆಯಲ್ಲಿ ಸಣ್ಣ ಬಿರುಕು ಕಾಣುವ ಟೈರನ್ನು, ಮೇಲಿನ ಗ್ರಿಪ್ಪಿನ ಗೀರು ಎಷ್ಟೇ ಉಳಿದಿದ್ದರೂ, ಇಷ್ಟು ದೂರ ನಂಬಬೇಡಿ. ಸ್ಟೆಪ್ನಿಯನ್ನೂ ನೋಡಿ, ಅದರಲ್ಲಿ ಗಾಳಿ ಇಲ್ಲದಿರುವುದೇ ಹೆಚ್ಚು. ಸಾಧ್ಯವಾದರೆ ಬೆಳಗಿನ ಜಾವ ನಾಲ್ಕಕ್ಕೆ ಕೋಲಾರ ಬಿಡಿ, ಬಿಸಿಲೇರುವ ಮುಂಚೆ ಬೆಟ್ಟದ ಮೇಲಿರುತ್ತೀರಿ.

ಓಡ್ತಿರುವಾಗಲೇ ಟೈರ್ ಒಡೆದ್ರೆ?

ಬ್ರೇಕ್ ಒತ್ತಬೇಡಿ. ಇದು ಕೈಕಾಲಿಗೆ ಬರದ ಬುದ್ಧಿ, ಮೊದಲೇ ಮನಸ್ಸಿಗೆ ಹಾಕಿಕೊಂಡಿರಬೇಕು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನೇರ ಇಡಿ, ಆಕ್ಸಿಲರೇಟರ್ ನಿಧಾನವಾಗಿ ಬಿಡಿ, ವೇಗ ತಾನಾಗಿ ಇಳಿದ ಮೇಲೆ ಬದಿಗೆ ತನ್ನಿ. ಬೈಕಿನಲ್ಲೂ ಹೀಗೇ, ಒಡೆದ ಚಕ್ರದ ಬ್ರೇಕ್ ಮುಟ್ಟಬೇಡಿ.

ನಂದಿ ಬೆಟ್ಟ ಇಳಿಯುವಾಗ ಸ್ಕೂಟರ್ ಬ್ರೇಕೇ ಹಿಡೀಲಿಲ್ಲ. ಬ್ರೇಕ್ ಹೋಗಿದ್ಯಾ?

ಪೂರ್ತಿ ಹೋಗಿರಲಿಕ್ಕಿಲ್ಲ, ಕಾದಿತ್ತು. ನಂದಿ 1,478 ಮೀಟರ್ ಎತ್ತರ, ತಿರುವಿನ ಮೇಲೆ ತಿರುವು. ಬ್ರೇಕನ್ನು ಒತ್ತಿಯೇ ಹಿಡಿದು ಇಳಿದರೆ ಬ್ರೇಕಿನೊಳಗೆ ಉಜ್ಜಿ ಹಿಡಿಯುವ ಲೈನರ್ ಕಾದು ಹಿಡಿತ ಬಿಡುತ್ತದೆ. ಗೇರ್ ಬೈಕು, ಕಾರು ಹತ್ತಿದ ಗೇರಿನಲ್ಲೇ ಇಳಿಯಬೇಕು, ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕಿ ಇಳಿಯುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಗೇರಿಲ್ಲದ ಸ್ಕೂಟರಿಗೆ ಎಂಜಿನ್ ತಡೆ ಕಮ್ಮಿ. ಅದರಲ್ಲಿ ತಿರುವಿಗೆ ಮುಂಚೆ ಎರಡೂ ಬ್ರೇಕ್ ಒಟ್ಟಿಗೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟು, ಮತ್ತೆ ಒತ್ತಿ. ಸುಟ್ಟ ವಾಸನೆ ಬಂದರೆ ಜಾಗ ನೋಡಿ ಕಾಲು ಗಂಟೆ ನಿಲ್ಲಿ.

ಡಿಸ್ಕ್ ಬ್ರೇಕಿನ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಬೇಗ ಕುದಿದು ಗುಳ್ಳೆಯಾಗುತ್ತದೆ, ಲಿವರ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲು ಇದೇ ಕಾರಣ.

ರಸ್ತೆ ಮೇಲೆ ಹುರುಳಿ, ರಾಗಿ ಒಕ್ಕಣೆಗೆ ಹಾಕಿರ್ತಾರೆ. ಅದರ ಮೇಲೆ ಕಾರು ಓಡ್ಸಿದ್ರೆ ಪರ್ವಾಗಿಲ್ವಾ?

ಓಡಿಸಬೇಡಿ, ಅಪಾಯ. ಸುಗ್ಗಿ ಕಾಲದಿಂದ ಬೇಸಿಗೆ ಶುರುವಾಗುವವರೆಗೆ ಹಳ್ಳಿ ರಸ್ತೆಗಳಲ್ಲಿ ಇದು ಇದ್ದದ್ದೇ. ಒಣ ಹುರುಳಿ ಬಳ್ಳಿ ಕಾರಿನ ಅಡಿಯ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರಿಗೆ ತಾಗುತ್ತದೆ. ಅಲ್ಲಿನ ಕಾವು ಒಣಹುಲ್ಲು ಹೊತ್ತಿಕೊಳ್ಳಲು ಸಾಕು. ಕಾರು ಬೆಂಕಿಗೆ ಆಹುತಿಯಾದದ್ದುಂಟು. ಬೇರೆ ದಾರಿ ಇದ್ದರೆ ಅದರಲ್ಲಿ ಹೋಗಿ. ಇಲ್ಲದಿದ್ದರೆ ಇಳಿದು, ರೈತರಿಗೆ ಹೇಳಿ ಒಂದು ಚಕ್ರದ ಸಾಲಾದರೂ ಸರಿಸಿಕೊಂಡು ದಾಟಿ. ದಾಟಿದ ಮೇಲೆ ಬಗ್ಗಿ ಅಡಿಯಲ್ಲಿ ನೋಡಿ, ಹೊಗೆ ವಾಸನೆ ಬಂದರೆ ಮೊದಲು ಜನರನ್ನು ಇಳಿಸಿ. ಬೈಕಿನವರಿಗೆ ಅದರ ಮೇಲೆ ಬ್ರೇಕ್ ಹಿಡಿದರೆ ಬೀಳುವುದು ಖಚಿತ.

ಈಗಿನ ಇ20 ಪೆಟ್ರೋಲಿಗೆ ನನ್ನ ಹಳೇ ಬೈಕ್ ತಡೆಯುತ್ತಾ?

2023ರ ಏಪ್ರಿಲ್‌ನಿಂದ ತಯಾರಾದ ಗಾಡಿಗಳ ರಬ್ಬರ್, ಪ್ಲಾಸ್ಟಿಕ್ ಭಾಗಗಳು ಶೇ 20 ಎಥನಾಲಿಗೆ ಹೊಂದುತ್ತವೆ. ಹಳೆಯವೂ ಓಡುತ್ತವೆ, ಮೈಲೇಜ್ ಸ್ವಲ್ಪ ಇಳಿಯುತ್ತದೆ. ಪೆಟ್ರೋಲ್ ಪೈಪ್, ಕಾರ್ಬ್ಯುರೇಟರ್ ವಾಷರ್ ಗಟ್ಟಿಯಾಗಿ ಒಡೆಯುತ್ತಿವೆಯಾ ಎಂದು ಸರ್ವಿಸ್‌ನಲ್ಲಿ ಕೇಳಿ ನೋಡಿಸಿ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ. ಎಥನಾಲ್ ನೀರು ಹೀರುವುದರಿಂದ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಬೇಡಿ.

ಎಲೆಕ್ಟ್ರಿಕ್ ಸ್ಕೂಟರ್ ಬಿಸಿಲಲ್ಲಿ ಚಾರ್ಜಿಗೆ ಹಾಕ್ಬೋದಾ? ಬೆಂಕಿ ಬೀಳುತ್ತೆ ಅಂತ ಮನೇಲಿ ಹೆದರ್ತಾರೆ.

2022ರ ಬೇಸಿಗೆಯಲ್ಲಿ ಕೆಲವು ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮವನ್ನು ಬಿಗಿ ಮಾಡಿತು. 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತವಾಗಿ ಅದು ಜಾರಿಯಾಯಿತು. ಹಳೇ ಗಾಡಿ ಕೊಳ್ಳುವವರು ಅದು ಈ ನಿಯಮದ ನಂತರದ್ದೇ ಎಂದು ಕೇಳಿ.

ಓಡಿಸಿ ಬಂದ ಕೂಡಲೇ ಪ್ಲಗ್ ಹಾಕಬೇಡಿ, ಮುಕ್ಕಾಲು ಗಂಟೆ ನೆರಳಲ್ಲಿ ಆರಲಿ. ಕಾದ ಬ್ಯಾಟರಿಗೆ ಚಾರ್ಜ್ ಮಾಡುವುದು ಅದರ ಆಯಸ್ಸು ತಿನ್ನುವ ಒಂದು ಮುಖ್ಯ ಕಾರಣ. ಕಂಪನಿ ಚಾರ್ಜರ್, ಅರ್ಥಿಂಗ್ ಇರುವ 15 ಆಂಪಿಯರ್ ಪಾಯಿಂಟ್ ಇರಲಿ. ನೇತಾಡುವ ಎಕ್ಸ್‌ಟೆನ್ಶನ್ ವೈರ್ ಬೇಡ. ಮನೆಯಿಂದ ಹೊರಹೋಗುವ ಬಾಗಿಲಿಗೆ ಅಡ್ಡವಾಗಿ ಚಾರ್ಜಿಗೆ ನಿಲ್ಲಿಸಬೇಡಿ. ಬ್ಯಾಟರಿ ಊದಿದರೆ, ಬುಸ್ಸೆಂದು ಸದ್ದು, ಸಿಹಿ ವಾಸನೆ ಬಂದರೆ ಸ್ವಿಚ್ ತೆಗೆದು ಎಲ್ಲರೂ ದೂರ ಹೋಗಿ ಅಗ್ನಿಶಾಮಕಕ್ಕೆ ಫೋನ್ ಮಾಡಿ.

ಮೊದಲ ಮಳೆಗೇ ಬೈಕ್ ಯಾಕಷ್ಟು ಜಾರುತ್ತೆ?

ಬೇಸಿಗೆಯಿಡೀ ಟಾರಿನ ಮೇಲೆ ಆಯಿಲ್ ತೊಟ್ಟು, ಟೈರಿನ ರಬ್ಬರ್, ದೂಳು ಕೂತಿರುತ್ತವೆ. ಮಾವಿನ ಕಾಲದ ಮಳೆ ನಾಲ್ಕು ಹನಿ ಬಿದ್ದರೆ ಎಲ್ಲ ಸೇರಿ ಸೋಪಿನ ನೊರೆಯಂಥ ಪದರ. ಜೋರು ಮಳೆ ಅರ್ಧ ಗಂಟೆ ಸುರಿದ ಮೇಲೆ ಅದು ತೊಳೆದುಹೋಗಿ ಹಿಡಿತ ಬರುತ್ತದೆ. ನಮ್ಮ ಕೋಲಾರದ ಎಪಿಎಂಸಿ ಸುತ್ತ ಲಾರಿ ಚಕ್ರಕ್ಕೆ ಸಿಕ್ಕಿ ಜಜ್ಜಿದ ಟೊಮೆಟೊ ಬೇರೆ ಇರುತ್ತದೆ. ಆ ಹೊತ್ತಿನಲ್ಲಿ ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಬ್ರೇಕ್ ಬೇಡ, ಮುಂದಿನ ಗಾಡಿಗೆ ಎರಡು ಪಟ್ಟು ಅಂತರ ಬಿಡಿ. ಗಾಳಿ ಗುಡುಗು ಜೋರಿದ್ದರೆ ಅಂಗಡಿ ಮುಂಗಟ್ಟಿನಲ್ಲಿ ನಿಲ್ಲಿ. ಮರದ ಕೆಳಗೆ ನಿಲ್ಲಬೇಡಿ.